ಒಂದೇ ಪಾಳಿಯವರು

2025ನೆಯ ಇಸವಿಯ ಜನವರಿ 14ರಂದು, ನಾಡೆಲ್ಲ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿಕೊಳ್ಳುತ್ತಿದ್ದ ದಿನ, ಹಾವೇರಿ ಜಿಲ್ಲೆ ಹಾನಗಲ್ಲ ತಾಲ್ಲೂಕಿನ ಆಡೂರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಕೆನ್ನೆಯಲ್ಲಿ ಆಳವಾದ ಗಾಯವಾಗಿ ರಕ್ತ ಸುರಿಯುತ್ತಿದ್ದ ಏಳು ವರ್ಷದ ಬಾಲಕನೊಬ್ಬನನ್ನು ತಂದೆತಾಯಿಗಳು ಕರೆತಂದರು. ಅಲ್ಲಿದ್ದ ಶುಶ್ರೂಷಕಿ ಹೊಲಿಗೆ ಹಾಕುವ ಬದಲು, ಮುರಿದ ಆಟಿಕೆಗಳನ್ನು ಅಂಟಿಸಲು ಅಂಗಡಿಯಲ್ಲಿ ಮಾರುವ ಫೆವಿಕ್ವಿಕ್ಕನ್ನು ಗಾಯಕ್ಕೆ ಬಳಿದು ಅದರ ಬಾಯನ್ನು ಮುಚ್ಚಿದರು. ಹೊಲಿಗೆ ಹಾಕಿದರೆ ಮಗುವಿನ ಮುಖದ ಮೇಲೆ ಕಲೆ ಉಳಿದೀತು, ತಾನು ವರ್ಷಗಳಿಂದಲೂ ಹೀಗೆಯೇ ಮಾಡುತ್ತ ಬಂದಿದ್ದೇನೆ ಎಂದು ಆಕೆ ಹೇಳಿದ ಸಮಾಧಾನದ ಮಾತನ್ನು ಪೋಷಕರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ದೂರು ಕೊಟ್ಟರು. ಇಲಾಖೆ ಮೊದಲು ಆಕೆಯನ್ನು ಗುತ್ತಲದ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿತು; ಜನರ ಆಕ್ರೋಶ ಹೆಚ್ಚಿದ ಮೇಲೆ ಫೆಬ್ರವರಿ 5ರಂದು ಅಮಾನತಿನ ಆದೇಶ ಹೊರಟಿತು. ಬಾಲಕನಿಗೆ ಅಪಾಯವೇನೂ ಆಗಿಲ್ಲವೆಂದು ಅಧಿಕಾರಿಗಳು ತಿಳಿಸಿದರು.

ಪತ್ರಿಕೆಗಳು ಅಂಟನ್ನು ಕುರಿತು ಬೇಕಾದಷ್ಟು ಬರೆದವು. ನನ್ನ ಮನಸ್ಸು ನಿಂತದ್ದಾದರೋ, ವರ್ಷಗಳಿಂದ ಮಾಡುತ್ತ ಬಂದಿದ್ದೇನೆಂಬ ಆ ಮಾತಿನ ಬಳಿ. ಅದು ತಾಯಿತಂದೆಗಳನ್ನು ಸುಮ್ಮನಾಗಿಸಲು ಆಡಿದ ಬರಿಯ ಮಾತಾಗಿರಲೂಬಹುದು. ಆದರೆ ಅದು ಸತ್ಯವಾಗಿದ್ದ ಪಕ್ಷದಲ್ಲಿ, ವೈದ್ಯಾಧಿಕಾರಿಯೂ ಔಷಧ ವಿತರಕರೂ ಪ್ರಯೋಗಶಾಲೆಯವರೂ ಗ್ರೂಪ್ ಡಿ ನೌಕರರೂ ಒಂದೇ ಸೂರಿನಡಿ ಓಡಾಡುವ ಆರೋಗ್ಯ ಕೇಂದ್ರದಲ್ಲಿ ಆ ಅಂಟಿನ ಕೊಳವೆ ಡ್ರೆಸಿಂಗ್ ಮೇಜಿನ ಮೇಲೆ ಇದ್ದುದನ್ನು ಮತ್ತೊಬ್ಬರು ಕಾಣದೆ ಇದ್ದಿರಲು ಸಾಧ್ಯವೇ? ಮೊದಲ ಸಲ ಕಂಡ ಪೋಷಕರು ಕೂಡಲೇ ಪ್ರಶ್ನಿಸಿದರು. ದಿನವೂ ಕಾಣುವವರ ಕಣ್ಣಿಗೆ ಆ ವಸ್ತು ಹತ್ತಿ, ಬ್ಯಾಂಡೇಜುಗಳ ಜೊತೆಯ ಇನ್ನೊಂದು ಸಾಮಗ್ರಿಯಾಗಿ ಬೆರೆತುಹೋಗುವುದು ಎಷ್ಟು ಸುಲಭ! ಮೇಲಾಗಿ, ಕಂಡವರು ತಮ್ಮನ್ನು ತಾವು ಒಪ್ಪಿಸಿಕೊಳ್ಳಲು ಅರ್ಧ ಸತ್ಯವೊಂದು ಸಿದ್ಧವಾಗಿಯೇ ಇತ್ತು. ಸಯನೋಅಕ್ರಿಲೇಟ್ ಜಾತಿಯ ಅಂಟೊಂದನ್ನು ಚರ್ಮದ ಗಾಯಗಳಿಗೆಂದೇ ಸಂಸ್ಕರಿಸಿ ತಯಾರಿಸುತ್ತಾರೆ; ಅದಕ್ಕೆ 1998ರಲ್ಲಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆಯೂ ದೊರೆತಿದೆ. ಅಂಗಡಿಯ ಅಂಟು ಅದೇ ಕುಲದ್ದಾದರೂ ಅದರ ರಾಸಾಯನಿಕ ರಚನೆ ಬೇರೆ. ಅದು ಗಟ್ಟಿಯಾಗುವಾಗ ಬಿಸಿಯೇರಿ ಅಂಗಾಂಶವನ್ನು ಕೆರಳಿಸತಕ್ಕದ್ದು, ಕ್ರಿಮಿಶುದ್ಧವಂತೂ ಅಲ್ಲವೇ ಅಲ್ಲ. ಡಾಕ್ಟರುಗಳೂ ಅಂಟು ಹಾಕುತ್ತಾರಂತೆ ಎಂದು ಎಲ್ಲಿಯೋ ಕೇಳಿದ ಸಹೋದ್ಯೋಗಿಗೆ, ತಾನು ನೋಡುತ್ತಿರುವುದು ಜಾಣ್ಮೆಯೋ ಅಪಾಯವೋ ಎಂದು ನಿರ್ಧರಿಸುವುದು ಹೊರಗಿನವರು ಭಾವಿಸುವಷ್ಟು ಸರಳವಲ್ಲ. ದುರುದ್ದೇಶವಿಲ್ಲದ ತಪ್ಪಿನ ಮೇಲೆ ಬೆರಳಿಡುವುದು ಕಷ್ಟ. ಕಲೆ ಉಳಿಯದಿರಲಿ ಎಂಬ ಕನಿಕರದಿಂದಲೇ ಮಾಡಿದ ತಪ್ಪಿನ ಮೇಲಂತೂ ಇನ್ನೂ ಕಷ್ಟ.

ಆಡೂರಿನ ಸುದ್ದಿಯನ್ನು ನಮ್ಮ ದುರ್ಗದ ಸೀಮೆಯವರು ಓದಿ, ಅದು ಅಲ್ಲೆಲ್ಲೋ ಹಾವೇರಿಯ ಕಡೆಯ ಸಂಗತಿ ಎಂದು ಮಡಿಚಿಟ್ಟಿರಬಹುದು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಆಸ್ಪತ್ರೆಗಳ ಜೀವನಕ್ರಮವನ್ನು ಬಲ್ಲವರಿಗೆ, ಈ ಪ್ರಶ್ನೆ ಇಲ್ಲಿ ಏಳದೆ ಇರಲಾರದೆಂಬುದೂ ಗೊತ್ತು. ಜಿಲ್ಲಾ ಕೇಂದ್ರದಲ್ಲಿ ದೊಡ್ಡ ಆಸ್ಪತ್ರೆಯಿದೆ, 2023ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಅಲ್ಲಿ ಜನ ಹೆಚ್ಚು, ಕಣ್ಣುಗಳೂ ಹೆಚ್ಚು. ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿಯ ದಾರಿಯೂ ಕೂಡುವ ಹಿರಿಯೂರಿಗೆ ನಡುರಾತ್ರಿಯಲ್ಲಿ ಬರುವವರು ರಸ್ತೆ ಅಪಘಾತದ ಗಾಯಾಳುಗಳು. ಹೊಸದುರ್ಗ, ಹೊಳಲ್ಕೆರೆಗಳಿಗೆ ತೆಂಗು ಅಡಿಕೆ ತೋಟಗಳ ನಡುವಿನ ಹಳ್ಳಿಗಳಿಂದ 108ರ ಗಾಡಿಯಲ್ಲಿ ಬರುವವರು ಹೆರಿಗೆಯ ಹೆಣ್ಣುಮಕ್ಕಳು. ಕೈಮೀರಿತೆಂದರೆ ದುರ್ಗಕ್ಕೆ ರೆಫರ್, ಅಲ್ಲಿಂದಾಚೆಗೆ ದಾವಣಗೆರೆಯ ಸಿ.ಜಿ. ಆಸ್ಪತ್ರೆಗೆ. ಈ ಪಯಣದ ಮೊದಲ ಮೆಟ್ಟಿಲಲ್ಲಿ, ರಾತ್ರಿಯ ಹೊತ್ತು, ಎಚ್ಚತ್ತಿರುವವರು ಒಬ್ಬಿಬ್ಬರು ಸಿಸ್ಟರುಗಳು ಮಾತ್ರ. ಸರಕಾರದ ಕಾಗದದಲ್ಲಿ ಅವರೀಗ ಶುಶ್ರೂಷಾಧಿಕಾರಿಗಳು; ಜನರ ಬಾಯಲ್ಲಿ ಇನ್ನೂ ನರ್ಸಮ್ಮಂದಿರು.

ಇಂತಹ ಊರೊಂದರಲ್ಲಿ (ಯಾವ ಊರೆಂದು ಹೆಸರಿಸುವುದು ಬೇಡ, ಏಕೆಂದರೆ ನಾನು ಹೇಳಹೊರಟಿರುವುದು ನಡೆದ ಸಂಗತಿಯನ್ನಲ್ಲ, ನಡೆಯಬಹುದಾದುದನ್ನು) ರಾತ್ರಿ ಪಾಳಿಯ ಕಿರಿಯ ಶುಶ್ರೂಷಕಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಎನ್‌ಎಚ್‌ಎಂ ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ನವೀಕರಣ. ಅವಳ ಜೊತೆಗಿರುವ ಹಿರಿಯ ಸಿಸ್ಟರು ಈ ಊರಿನಲ್ಲಿ ಎಷ್ಟೋ ಮಕ್ಕಳನ್ನು ಭೂಮಿಗೆ ತಂದವರು, ಕೈಗುಣ ಚೆನ್ನಾಗಿದೆಯೆಂದು ಹೆಸರಾದವರು, ಕಿರಿಯಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಬೆಳಗಿನ ಜಾವದಲ್ಲಿ ಹೆರಿಗೆ ಮಂಚದ ಮೇಲೆ ಚೊಚ್ಚಲ ಬಸುರಿಯೊಬ್ಬಳು ಗಂಟೆಗಳಿಂದ ನರಳುತ್ತಿರುವಾಗ, ಹೊರಗೆ ಅತ್ತೆ ಮಾವಂದಿರು ಇನ್ನೂ ಆಗಲಿಲ್ಲವೇ ಎಂದು ಬಾಗಿಲು ಬಡಿಯುತ್ತಿರುವಾಗ, ಹಿರಿಯಾಕೆ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಸಿರಿಂಜಿಗೆ ಎಳೆದುಕೊಂಡು ನೇರವಾಗಿ ತೊಡೆಯ ಸ್ನಾಯುವಿಗೆ ಕೊಟ್ಟುಬಿಡುತ್ತಾರೆ.

ಈ ಔಷಧವನ್ನು ಕುರಿತು ಎರಡು ಮಾತು ಹೇಳದಿದ್ದರೆ ಕಿರಿಯಳ ಸಂಕಟ ಓದುಗರಿಗೆ ತಿಳಿಯಲಾರದು. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಇದೇ ಆಕ್ಸಿಟೋಸಿನ್ನನ್ನು 10 ಯೂನಿಟ್ಟಿನಷ್ಟು ಸ್ನಾಯುವಿಗೆ ಕೊಡುವುದು ರಕ್ತಸ್ರಾವವನ್ನು ತಡೆಯುವ ಪರಮ ರಕ್ಷಣೆ. ಅದನ್ನು ಕೊಡದಿದ್ದರೇ ತಪ್ಪು. ಮಗು ಇನ್ನೂ ಒಳಗಿರುವಾಗಲಾದರೋ, ಅದನ್ನು ವೈದ್ಯರ ಸೂಚನೆಯಂತೆ ಡ್ರಿಪ್ಪಿನಲ್ಲಿ ಬೆರೆಸಿ, ನಿಮಿಷಕ್ಕೆ ಇಷ್ಟು ಹನಿ ಎಂದು ಎಣಿಸುತ್ತ, ಕೂಸಿನ ಎದೆಬಡಿತವನ್ನು ಕೇಳುತ್ತ, ಅಳೆದಳೆದು ಏರಿಸಬೇಕು. ಸ್ನಾಯುವಿಗೆ ಒಮ್ಮೆ ಚುಚ್ಚಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವಿಲ್ಲ, ಗರ್ಭಾಶಯ ಬಿಡುವಿಲ್ಲದೆ ಬಿಗಿದು ಮಗುವಿನ ಉಸಿರು ಕಟ್ಟಬಹುದು, ಗರ್ಭಾಶಯವೇ ಹರಿಯಬಹುದು. ಒಂದೇ ಆಂಪೂಲು, ಒಂದೇ ಸೂಜಿ, ಒಂದೇ ಕೈ. ಹೆರಿಗೆಯ ಹಿಂದು ಮುಂದುಗಳಷ್ಟೇ ವ್ಯತ್ಯಾಸ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗದೆ ಮಗು ಬೇಗ ಹುಟ್ಟಿ, ಬಂಧುಗಳು ಸಿಹಿ ಹಂಚಿಯೇ ಹೋಗುತ್ತಾರೆಂದು ಇಟ್ಟುಕೊಳ್ಳಿ. ಆ ಸಿಹಿಯೇ ಈ ಅಭ್ಯಾಸವನ್ನು ಪೋಷಿಸುವ ಗೊಬ್ಬರ.

“ಅಕ್ಕಾ, ಡಾಕ್ಟ್ರು ಡ್ರಿಪ್ಪಲ್ಲಿ ಹಾಕು ಅಂದಿದ್ರಲ್ಲ?” ಎಂದು ಕಿರಿಯಳು ಕೇಳುತ್ತಾಳೆ. “ಸುಮ್ನಿರೇ, ಇಪ್ಪತ್ತೈದು ವರ್ಷದಿಂದ ನೋಡಿದೀನಿ. ಹನಿ ಎಣಿಸ್ಕೊಂಡು ಕೂತ್ರೆ ಆ ಕಡೆ ವಾರ್ಡಿಗೆ ಯಾರು ಹೋಗ್ತಾರೆ, ನೀನಾ?” ಎಂಬ ಉತ್ತರ ಬರುತ್ತದೆ. ಹೆರಿಗೆಯಾದ ಮೇಲೆ, ಹೆರಿಗೆಯ ಪ್ರಗತಿಯನ್ನು ಗಂಟೆಗಂಟೆಗೂ ಗುರುತಿಸತಕ್ಕ ಪಾರ್ಟೋಗ್ರಾಫಿನ ಗೆರೆಗಳನ್ನು ಹಿರಿಯಾಕೆ ಟೀ ಕುಡಿಯುತ್ತ ಒಂದೇ ಪಟ್ಟಿಗೆ ತುಂಬುತ್ತಾರೆ. ಬಿಪಿಯ ಕಾಲಮ್ಮಿನಲ್ಲಿ ಸಾಲಾಗಿ 120/80.

ಅವಳು ಏನು ಮಾಡಬೇಕು?

ಧೈರ್ಯದ ಮಾತೆತ್ತಿದೊಡನೆ ನಮ್ಮೂರವರು ಓಬವ್ವನ ಕಿಂಡಿಯತ್ತ ಕೈತೋರುತ್ತಾರೆ. ಆ ವೀರೆಯ ಮೇಲಿನ ಗೌರವ ನನಗೂ ಕಡಿಮೆಯಿಲ್ಲ. ಆದರೆ ಈ ಸಂದರ್ಭದಲ್ಲಿ ಆಕೆಯ ಹೆಸರು ಹೇಳಿ ಒಬ್ಬ ಹುಡುಗಿಯನ್ನು ಹುರಿದುಂಬಿಸುವುದು ಸೋಮಾರಿತನವೆಂದೇ ನನ್ನ ಎಣಿಕೆ. ಓಬವ್ವನ ಎದುರಿಗೆ ತಲೆಹಾಕಿದ್ದು ಹೈದರನ ಸೈನಿಕರು, ಪರರು. ಈ ಹುಡುಗಿಯ ಎದುರಿಗಿರುವವರು ಅವಳ ಊಟದ ಡಬ್ಬಿಯಿಂದ ಚಿತ್ರಾನ್ನ ಹಂಚಿಕೊಂಡವರು, ಅವಳ ತಾಯಿ ಕಾಯಿಲೆ ಬಿದ್ದಾಗ ಎರಡು ಪಾಳಿ ಬದಲಾಯಿಸಿಕೊಂಡವರು, ಒಂದೇ ಕ್ವಾರ್ಟರ್ಸಿನ ಪಕ್ಕದ ಬಾಗಿಲಿನವರು, ಅವಳ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದವರು. ತಾಲ್ಲೂಕು ಕೇಂದ್ರದಲ್ಲಿ ಸಹೋದ್ಯೋಗವೆಂಬುದು ಆಸ್ಪತ್ರೆಯ ಗೇಟಿನಲ್ಲಿ ಮುಗಿಯತಕ್ಕ ಸಂಬಂಧವಲ್ಲ. ಚೀಟಿಯ ಹಣದಲ್ಲಿ, ಮಕ್ಕಳ ಶಾಲೆಯಲ್ಲಿ, ಜಾತಿಯಲ್ಲಿ, ಸಂಘದ ಚುನಾವಣೆಯಲ್ಲಿ ಅದು ಹಬ್ಬಿಕೊಂಡಿರುತ್ತದೆ. ಅಲ್ಲಿ ಬಾಯಿಬಿಡುವವಳು ಒಂದು ಕೆಲಸವನ್ನಲ್ಲ, ಒಂದು ಊರನ್ನೇ ಕಳೆದುಕೊಳ್ಳಬಹುದು.

ಇಷ್ಟನ್ನು ಒಪ್ಪಿಕೊಂಡೂ ಹೇಳಬೇಕಾದ ಮಾತಿದೆ: ನಾಳೆ ರಾತ್ರಿಯೂ ಅದೇ ಮಂಚದ ಮೇಲೆ ಇನ್ನೊಬ್ಬಳು ಮಲಗುತ್ತಾಳೆ, ಅವಳಿಗೆ ಈ ಸಂಬಂಧಗಳ ಬಲೆಯಲ್ಲಿ ಯಾವ ಎಳೆಯೂ ಇಲ್ಲ. ಸಿರಿಂಜಿನಲ್ಲಿರುವುದೇನೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವ ಮನುಷ್ಯಪ್ರಾಣಿ ಆ ಕೋಣೆಯಲ್ಲಿ, ಹಿರಿಯಾಕೆಯನ್ನು ಬಿಟ್ಟರೆ, ನಮ್ಮ ಕಿರಿಯಳೊಬ್ಬಳೇ. ಆದುದರಿಂದ ಅವಳು ಹೇಳಲೇಬೇಕು. ಉಳಿದ ಪ್ರಶ್ನೆಗಳೆಲ್ಲ ಯಾವಾಗ, ಯಾರಿಗೆ, ಹೇಗೆ ಎಂಬವು. ಅವೇನೂ ಚಿಕ್ಕ ಪ್ರಶ್ನೆಗಳಲ್ಲ.

ಮೊದಲಿಗೆ, ಎಲ್ಲ ತಪ್ಪೂ ಒಂದೇ ತಪ್ಪಲ್ಲ. ನಿದ್ದೆಗಣ್ಣಿನಲ್ಲಿ ಒಂದರ ಬದಲು ಮತ್ತೊಂದು ಬಾಟಲಿಗೆ ಕೈಹಾಕುವುದು ಕೈತಪ್ಪು. ಅದು ನಾಳೆ ನನಗೂ ಆಗಬಹುದು. ಅಮೆರಿಕದ ನ್ಯಾಶ್‌ವಿಲ್ಲಿನ ವ್ಯಾಂಡರ್ಬಿಲ್ಟ್ ಆಸ್ಪತ್ರೆಯಲ್ಲಿ 2017ರ ಡಿಸೆಂಬರಿನಲ್ಲಿ ರಡಾಂಡಾ ವಾಟ್ ಎಂಬ ಶುಶ್ರೂಷಕಿ ಮಂಪರು ಬರಿಸುವ ಔಷಧಕ್ಕೆ ಬದಲಾಗಿ ಸ್ನಾಯುಗಳನ್ನು ಸ್ತಂಭಿಸುವ ಔಷಧವನ್ನು ಕೊಟ್ಟು ರೋಗಿ ತೀರಿಕೊಂಡಾಗ, ತಪ್ಪನ್ನು ಆಕೆ ತಾನೇ ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದು ತೀರ್ಮಾನಿಸಿ ಮೂರು ವರ್ಷಗಳ ಪ್ರೊಬೇಶನ್ ವಿಧಿಸಿತು. ಹೀಗಾದರೆ ಇನ್ನು ಮೇಲೆ ತಪ್ಪನ್ನು ಯಾರು ತಾನೇ ಒಪ್ಪಿಕೊಂಡಾರು ಎಂದು ಅಲ್ಲಿಯ ದಾದಿಯರ ಸಂಘಗಳು ಕೇಳಿದವು. ಆ ಪ್ರಶ್ನೆ ನ್ಯಾಯವಾದದ್ದು. ಕೈತಪ್ಪನ್ನು ಕಂಡಾಗ ಮಾಡಬೇಕಾದುದು ರೋಗಿಯನ್ನು ಉಳಿಸಿಕೊಳ್ಳುವುದು, ವೈದ್ಯರನ್ನು ಕರೆಯುವುದು, ತಪ್ಪಿದವಳೇ ಅದನ್ನು ಬರೆದಿಡುವಂತೆ ನೆರವಾಗುವುದು. ಬೆನ್ನ ಹಿಂದೆ ಓಡುವುದಲ್ಲ.

ನಮ್ಮ ಹಿರಿಯ ಸಿಸ್ಟರಿನದು ಕೈತಪ್ಪಲ್ಲ, ಅಭ್ಯಾಸ. ಅಭ್ಯಾಸವೆಂಬುದು ಹುಟ್ಟುವುದು ಕೊರತೆಯಲ್ಲಿ. ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ಶುಶ್ರೂಷಕಿ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬಳು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಈ ಲೆಕ್ಕವನ್ನು ನಮ್ಮ ಯಾವುದಾದರೂ ವಾರ್ಡಿನ ರಾತ್ರಿ ಪಾಳಿಯವರ ಮುಂದೆ ಓದಿದರೆ ಅವರು ನಗದೆ ಇದ್ದರೆ ಹೆಚ್ಚು. ಹನಿ ಎಣಿಸಲು ಪುರುಸೊತ್ತಿಲ್ಲವೆಂಬ ಹಿರಿಯಾಕೆಯ ಮಾತು ಸುಳ್ಳಲ್ಲ. ಆದರೆ ಆ ಕೊರತೆಯ ಅಪರಾಧ ಸರಕಾರದ್ದು, ಅದರ ದಂಡವನ್ನು ತೆರುತ್ತಿರುವವಳು ಬಸುರಿ. ಇವೆರಡರ ನಡುವೆ ನಿಂತು ಅಂತರವನ್ನು ಸುಳ್ಳು ಅಂಕಿಗಳಿಂದ ಮುಚ್ಚುವವರು, ತಮಗೇ ಅರಿವಿಲ್ಲದಂತೆ, ಸರಕಾರದ ಪಕ್ಷ ವಹಿಸಿದಂತಾಗುತ್ತದೆ. ಎಲ್ಲ ಬಿಪಿಯೂ 120/80 ಎಂದಿರುವ ವಾರ್ಡಿಗೆ ಹೆಚ್ಚಿನ ಸಿಬ್ಬಂದಿಯನ್ನು ಯಾವ ಅಧಿಕಾರಿ ತಾನೇ ಮಂಜೂರು ಮಾಡಿಯಾನು?

ಖಾಲಿ ಬಿಟ್ಟ ಕಾಲಮ್ಮಿಗಿಂತ ಸುಳ್ಳು ಬರೆದ ಕಾಲಮ್ಮು ಅಪಾಯಕರವೆಂಬುದನ್ನು ವೈದ್ಯರು ಬಲ್ಲರು. ಬಸುರಿನ ನಂಜು ಏರಿ ಫಿಟ್ಸ್ ಬರುವ ಹೆಂಗಸಿಗೆ ಮೆಗ್ನೀಸಿಯಮ್ ಸಲ್ಫೇಟ್ ಕೊಡುತ್ತಾರೆ. ಒಂದೊಂದು ಆವರ್ತನಕ್ಕೂ ಮುಂಚೆ ಮಂಡಿಯನ್ನು ತಟ್ಟಿ ನೋಡಬೇಕು, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲವೆಂದೂ ಮೂತ್ರ ಗಂಟೆಗೆ 30 ಮಿಲಿಲೀಟರಿಗೆ ಕಡಿಮೆಯಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಆ ಔಷಧ ಮೈಯಲ್ಲಿ ಮಿಕ್ಕಿದರೆ ಉಸಿರೇ ನಿಲ್ಲುತ್ತದೆ. ಈ ಮೂರನ್ನೂ ನೋಡದೆ ಬರೆದವರ ಕೇಸ್ ಶೀಟನ್ನು ನಂಬಿ ಮುಂದಿನ ಪಾಳಿಯವರು ಸೂಜಿ ಎತ್ತುತ್ತಾರೆ. ಹೀಗೆ ಒಬ್ಬರ ಸುಳ್ಳು ಇನ್ನೊಬ್ಬರ ಪ್ರಾಮಾಣಿಕವಾದ ಕೈಯಿಂದ ರೋಗಿಯನ್ನು ಮುಟ್ಟುತ್ತದೆ.

ಈ ಅಭ್ಯಾಸವನ್ನು ಕಿರಿಯಳು ಹೇಗೆ ಎದುರಿಸಬೇಕು? ಸೂಜಿ ಮೈಮುಟ್ಟುವ ಮುನ್ನವಾದರೆ ತಡೆಯಬೇಕು. ವೈದ್ಯರಿಗೆ ಫೋನು ಮಾಡುತ್ತೇನೆಂದು ಗಟ್ಟಿಯಾಗಿ ಹೇಳುವುದೇ ಬಹಳ ಸಲ ಸಾಕಾಗುತ್ತದೆ. ಮುಗಿದುಹೋಗಿದ್ದರೆ, ತಾಯಿ ಮಗು ಕ್ಷೇಮವೆಂದು ಖಚಿತವಾದ ಮೇಲೆ, ಬೇರೆಯವರ ಕಿವಿಯಿಲ್ಲದ ಕಡೆ, ಅಕ್ಕಾ ಎಂದೇ ಕರೆದು, ಇದು ಮತ್ತೆ ಆದರೆ ನಾನು ಬರೆದುಕೊಡಬೇಕಾಗುತ್ತದೆ ಎಂದು ಮುಖಕ್ಕೆ ಮುಖ ಕೊಟ್ಟು ತಿಳಿಸಬೇಕು. ಇದು ಬೆದರಿಕೆಯಲ್ಲ, ಹೇಳದೆಯೇ ಬರೆಯುವುದಕ್ಕಿಂತ ಹೇಳಿ ಬರೆಯುವುದು ಗೌರವದ ಮಾರ್ಗ. ಹಾಗೆ ಹೇಳಿದ ಮೇಲೂ ನಿಲ್ಲದಿದ್ದರೆ, ಅಥವಾ ಮೊದಲ ಸಲವೇ ಪ್ರಾಣಾಪಾಯವಾಗಿದ್ದರೆ, ಅಥವಾ ನೋವಿನ ಔಷಧ ಕಾಣೆಯಾಗುವುದು, ರೋಗಿಗೆ ಹೊಡೆಯುವುದು, ಕುಡಿದು ಬರುವುದು ಮುಂತಾದ, ಸಮಾಧಾನದ ಮಾತಿಗೆ ಎಡೆಯೇ ಇಲ್ಲದ ನಡತೆಯಾಗಿದ್ದರೆ, ಅಂದೇ ಶುಶ್ರೂಷಾ ಅಧೀಕ್ಷಕರಿಗೂ ಆಡಳಿತ ವೈದ್ಯಾಧಿಕಾರಿಗೂ ಬರವಣಿಗೆಯಲ್ಲಿ ಕೊಡಬೇಕು. ಆ ಬರವಣಿಗೆಯಲ್ಲಿ ವಿಶೇಷಣಗಳು ಬೇಡ. ದಿನಾಂಕ, ಗಂಟೆ, ಮಂಚದ ಸಂಖ್ಯೆ, ಔಷಧ, ವೈದ್ಯರ ಸೂಚನೆ ಏನಿತ್ತು, ತಾನು ಕಣ್ಣಾರೆ ಕಂಡದ್ದೇನು, ಆಮೇಲೆ ರೋಗಿಗೆ ಏನಾಯಿತು: ಇಷ್ಟೇ. “ಅವರು ಯಾವಾಗಲೂ ಹಾಗೆಯೇ” ಎಂಬ ಒಂದು ವಾಕ್ಯ ಸೇರಿದರೆ ವರದಿಯೆಲ್ಲ ಜಗಳವಾಗಿ ಮಾರ್ಪಡುತ್ತದೆ. ಒಂದು ಪ್ರತಿಯನ್ನು ಸ್ವೀಕೃತಿಯ ಸಹಿಯೊಂದಿಗೆ ಇಟ್ಟುಕೊಳ್ಳಬೇಕು. ರೋಗಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ವರದಿಯಲ್ಲ, ಇನ್ನೊಂದು ತಪ್ಪು.

ಅಲ್ಲಿ ಕೇಳದಿದ್ದರೆ ಮೇಲೆ ಜಿಲ್ಲಾ ಶಸ್ತ್ರಚಿಕಿತ್ಸಕರೂ ಜಿಲ್ಲಾ ಆರೋಗ್ಯಾಧಿಕಾರಿಗಳೂ ಇದ್ದಾರೆ. 1961ರ ಅಧಿನಿಯಮದಂತೆ ಸ್ಥಾಪಿತವಾದ ರಾಜ್ಯ ಶುಶ್ರೂಷಾ ಪರಿಷತ್ತಿಗೆ ನೋಂದಣಿ ಪುಸ್ತಕದಿಂದ ಹೆಸರನ್ನು ತೆಗೆಯುವ ಅಧಿಕಾರವಿದೆ. ಖಾಸಗಿ ನರ್ಸಿಂಗ್ ಹೋಮಾದರೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ದಾರಿಗಳು ಇಲ್ಲವೆನ್ನುವಂತಿಲ್ಲ, ನಡೆದವರ ಹೆಜ್ಜೆಗುರುತುಗಳು ಕಡಿಮೆ.

ಹೆಸರು ಹಾಕದೆ ಬರೆದರೇನು ಎಂದು ಕೇಳುವವರುಂಟು. ಅವರು ಟೆಕ್ಸಾಸಿನ ವಿಂಕ್ಲರ್ ಕೌಂಟಿಯ ಕಥೆಯನ್ನು ಅರಿಯಬೇಕು. ಕರ್ಮಿಟ್ ಎಂಬ ಸಣ್ಣ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಆನ್ ಮಿಚೆಲ್, ವಿಕಿಲಿನ್ ಗಾಲ್ ಎಂಬ ಇಬ್ಬರು ಹಿರಿಯ ಶುಶ್ರೂಷಕಿಯರು ವೈದ್ಯನೊಬ್ಬನ ಅಪಾಯಕರ ಚಿಕಿತ್ಸೆಯನ್ನು ಒಳಗೆ ಹೇಳಿ ಸೋತು, 2009ರಲ್ಲಿ ರಾಜ್ಯದ ವೈದ್ಯಕೀಯ ಮಂಡಲಿಗೆ ಹೆಸರಿಲ್ಲದ ಪತ್ರ ಬರೆದರು. ಆ ವೈದ್ಯ ಕೌಂಟಿಯ ಶೆರಿಫ್‌ನ (ಪೊಲೀಸ್ ಮುಖ್ಯಸ್ಥನ) ಸ್ನೇಹಿತ. ಪತ್ರದಲ್ಲಿದ್ದ ಸಂಗತಿಗಳನ್ನು ಬಲ್ಲವರು ಎಷ್ಟು ಮಂದಿ ಇದ್ದಾರು? ಗಣಕಯಂತ್ರಗಳನ್ನು ಶೋಧಿಸಿ ಪತ್ರವನ್ನು ಪತ್ತೆ ಹಚ್ಚಿದರು; ಇಬ್ಬರೂ ಕೆಲಸ ಕಳೆದುಕೊಂಡರು; ಸರಕಾರಿ ಮಾಹಿತಿಯ ದುರುಪಯೋಗವೆಂಬ, ಹತ್ತು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡಬಲ್ಲ ಆಪಾದನೆ ಅವರ ಮೇಲೆ ಬಂತು. ಒಬ್ಬಾಕೆಯ ಮೇಲಿನ ಆಪಾದನೆಯನ್ನು ವಿಚಾರಣೆಗೆ ಮೊದಲೇ ಕೈಬಿಟ್ಟರು. ಮಿಚೆಲ್ ಅವರು ನಿರ್ದೋಷಿಯೆಂದು 2010ರ ಫೆಬ್ರವರಿಯಲ್ಲಿ ಹೇಳಲು ಜ್ಯೂರಿಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಮುಂದೆ ಇಬ್ಬರಿಗೂ ಸೇರಿ ಏಳೂವರೆ ಲಕ್ಷ ಡಾಲರ್ ಪರಿಹಾರ ದೊರೆತು, ಸೇಡು ತೀರಿಸಿಕೊಂಡವರೇ ಶಿಕ್ಷೆಗೆ ಒಳಗಾದರು. ಹೊಸದುರ್ಗದಷ್ಟೂ ಇಲ್ಲದ ಆ ಊರಿನಲ್ಲಿ ಅನಾಮಧೇಯತೆ ಉಳಿಯಲಿಲ್ಲವೆಂದ ಮೇಲೆ, ಅಕ್ಷರದ ವರಸೆಯಿಂದಲೇ ಬರೆದವರಾರೆಂದು ಗುರುತಿಸುವ ನಮ್ಮ ಕಚೇರಿಗಳಲ್ಲಿ ಉಳಿದೀತೇ? ಸಹಿ ಮಾಡದ ಪತ್ರ ಕಸದ ಬುಟ್ಟಿಗೆ ಹೋಗುವುದು ಸುಲಭ, ಬರೆದವಳ ಹೆಸರು ಹೊರಬೀಳುವುದು ಅದಕ್ಕಿಂತ ಸುಲಭ. ಇಬ್ಬರು ಮೂವರು ಕಂಡಿದ್ದರೆ ಕೂಡಿ ಸಹಿ ಮಾಡುವುದೇ ಮೇಲು.

ಇನ್ನು ನಮ್ಮ ಇಲಾಖೆಗೆ ಬಹು ಪ್ರಿಯವಾದ ಪರಿಹಾರವೊಂದಿದೆ. ಅದರ ಹೆಸರು ವರ್ಗಾವಣೆ. ಆಡೂರಿನ ಪ್ರಕರಣದಲ್ಲಿಯೂ ಮೊದಲು ತೋರಿದ ಔಷಧ ಅದೇ. ಆಡೂರಿನ ಮಕ್ಕಳಿಗೆ ಸಲ್ಲದ ಚಿಕಿತ್ಸೆ ಗುತ್ತಲದ ಮಕ್ಕಳಿಗೆ ಹೇಗೆ ಸಲ್ಲುತ್ತದೆಂದು ಆದೇಶಕ್ಕೆ ಸಹಿ ಮಾಡಿದವರು ಯೋಚಿಸಿದಂತೆ ಕಾಣಲಿಲ್ಲ. ಈ ರೋಗ ನಮ್ಮದೊಂದೇ ಅಲ್ಲ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ಹದಿನಾರು ವರ್ಷಗಳ ಕಾಲ ರೋಗಿಗಳನ್ನು ಕೊಲ್ಲುತ್ತ ಬಂದ ಚಾರ್ಲ್ಸ್ ಕಲನ್ ಎಂಬ ಶುಶ್ರೂಷಕ 2003ರ ಡಿಸೆಂಬರಿನಲ್ಲಿ ಬಂಧಿತನಾಗುವವರೆಗೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗುತ್ತಲೇ ಇದ್ದನು. ಸಂಶಯ ಬಂದಾಗಲೆಲ್ಲ ಆಡಳಿತದವರು ಗದ್ದಲವಿಲ್ಲದೆ ಅವನನ್ನು ಕಳುಹಿಸಿಕೊಟ್ಟರು, ಮುಂದಿನವರಿಗೆ ಏನನ್ನೂ ತಿಳಿಸಲಿಲ್ಲ. ಸಹೋದ್ಯೋಗಿ ಶುಶ್ರೂಷಕರು ಕೆಲವರು ಅನುಮಾನವನ್ನು ಮುಂಚೆಯೇ ಹೇಳಿದ್ದರು. ಕೊನೆಗೆ ಅವನನ್ನು ಹಿಡಿಯಲು ಪೊಲೀಸರಿಗೆ ನೆರವಾದವರೂ ಅವನ ಗೆಳತಿಯಾಗಿದ್ದ ಸಹಶುಶ್ರೂಷಕಿ ಏಮಿ ಲೋರೆನ್. ಕೊಲೆಗಡುಕನನ್ನೂ ಅಂಟು ಹಚ್ಚಿದವರನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ, ತೂಗಲೂ ಬಾರದು. ನಾನು ತೋರಿಸಹೊರಟಿರುವುದು ಆಡಳಿತದವರ ಕೈಯನ್ನು, ಅದು ಎರಡು ಕಡೆಯೂ ಒಂದೇ ಬಗೆಯಲ್ಲಿ ಚಲಿಸಿತೆಂಬುದನ್ನು.

ಕಂಡದ್ದನ್ನು ಹೇಳುತ್ತೇನೆಂದ ಕನ್ನಡದ ಶುಶ್ರೂಷಕಿಯೊಬ್ಬರ ವಿಚಾರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ನಾಯಿಗಳ ಮೇಲೆ ಶಸ್ತ್ರಕ್ರಿಯೆಯ ಪ್ರಯೋಗ ನಡೆಯುತ್ತಿದ್ದ ವಿಭಾಗದಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಸಫಾಯಿ ನೌಕರನೊಬ್ಬನನ್ನು, ನಾಯಿಗಳಿಗೆಂದಿಟ್ಟ ಆಹಾರವನ್ನು ಕದಿಯುತ್ತಾನೆಂದು ಆಕೆ ಗದರಿಸಿದ್ದರೆಂದೂ, ಮೇಲಿನವರಿಗೆ ತಿಳಿಸುವುದಾಗಿ ಹೇಳಿದ್ದರೆಂದೂ ಆ ಪ್ರಕರಣವನ್ನು ಕುರಿತ ಬರಹಗಳು ಹೇಳುತ್ತವೆ. 1973ರ ನವೆಂಬರ್ 27ರ ಸಂಜೆ ಅವನು ಆಕೆಯ ಮೇಲೆರಗಿದನು. ನಾಯಿಯ ಸರಪಣಿಯಿಂದ ಕೊರಳು ಬಿಗಿದುದರಿಂದ ಮಿದುಳಿಗೆ ಆದ ಆಘಾತ ಆಕೆಯನ್ನು 2015ರ ಮೇ 18ರಂದು ಸಾವು ಬರುವವರೆಗೆ, ನಲವತ್ತೊಂದು ವರ್ಷಗಳಿಗೂ ಮಿಕ್ಕಿ, ಅದೇ ಆಸ್ಪತ್ರೆಯ ಮಂಚದ ಮೇಲೆ ಮ್ರಿಯಮಾಣಳಾಗಿರಿಸಿತು. ಅಪರಾಧಿಗೆ ಆದ ಶಿಕ್ಷೆ ದರೋಡೆ ಹಾಗೂ ಕೊಲೆಯತ್ನಗಳಿಗೆ ಏಳು ವರ್ಷ. ದಯಾಮರಣವನ್ನು ಕುರಿತ 2011ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ ಈ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಆ ಕಥೆಯ ಆರಂಭದಲ್ಲಿ, ಕಂಡ ಅಕ್ರಮವನ್ನು ಮೇಲಕ್ಕೆ ಹೇಳುತ್ತೇನೆಂದು ಹೊರಟ ಒಬ್ಬ ಶುಶ್ರೂಷಕಿಯಿದ್ದಳೆಂಬುದನ್ನು ನಾವು ಮರೆತಿದ್ದೇವೆ. ಆಕೆಯ ಮೈಯಲ್ಲಿ ಹಾಸಿಗೆ ಹುಣ್ಣು ಏಳಗೊಡದಂತೆ ತಲೆಮಾರುಗಟ್ಟಲೆ ಪಾಳಿ ಹಾಕಿಕೊಂಡು ನೋಡಿಕೊಂಡವರು ಕೆ.ಇ.ಎಂ.ನ ದಾದಿಯರೇ. ಹೇಳುವವಳಿಗೆ ರಕ್ಷಣೆ ಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ನಾನು ಅರಿಯೆ.

ಕಾನೂನಿನ ರಕ್ಷಣೆಯಾದರೂ ಇದೆಯೇ ಎಂದರೆ, ಸಾರ್ವಜನಿಕ ನೌಕರರ ಭ್ರಷ್ಟತೆ ಮತ್ತು ಅಧಿಕಾರ ದುರುಪಯೋಗಗಳನ್ನು ಬಯಲಿಗೆಳೆಯುವವರಿಗಾಗಿ ಸಂಸತ್ತು 2014ರಲ್ಲಿ ಅಧಿನಿಯಮವೊಂದನ್ನು ಮಾಡಿತು. ರಾಷ್ಟ್ರಪತಿಗಳ ಅಂಕಿತವೂ ಆಯಿತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಇರಲಿ, ಅದು ಜಾರಿಯಾದರೂ ಹೆರಿಗೆ ವಾರ್ಡಿನ ಸೂಜಿಯ ವಿಚಾರ ಅದರ ಪರಿಧಿಗೆ ಸಲೀಸಾಗಿ ಬರತಕ್ಕದ್ದಲ್ಲ.

ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಆಗಲೇ ಇದೆ. ಬಸುರಿ ಬಾಣಂತಿಯರ ಸಾವು ಸಂಭವಿಸಿದಾಗಲೆಲ್ಲ ಪರಿಶೋಧನೆ ನಡೆಯಬೇಕೆಂದೂ, ಅದರಲ್ಲಿ ಹೆಸರು ಹಿಡಿದು ದೂಷಿಸದೆ ಕಾರಣವನ್ನು ಹುಡುಕಬೇಕೆಂದೂ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಅದರ ಹಿಂದಿರುವ ವಿವೇಕ ಎಂಥದೆಂಬುದನ್ನು 2024ರ ಕೊನೆಯಲ್ಲಿ ನಮ್ಮ ನೆರೆಯ ಬಳ್ಳಾರಿ ತೋರಿಸಿತು. ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಾಗಿ ಐವರು ತೀರಿಕೊಂಡಾಗ ಡ್ರಿಪ್ ಹಾಕಿದ ಕೈಗಳ ಮೇಲೆಯೇ ಎಲ್ಲರ ಕಣ್ಣು ಬೀಳಬಹುದಾಗಿತ್ತು. ಸಂಶಯ ಹೋಗಿ ಮುಟ್ಟಿದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಸರಬರಾಜು ಮಾಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು, ಸರಕಾರ ಅದರ ಬಳಕೆಯನ್ನು ನಿಲ್ಲಿಸಿತು. ಸಾವಿಗಾಗಿ ಕಾಯದೆ, ಸಾವಿನ ಹತ್ತಿರ ಹೋಗಿ ಹಿಂದಿರುಗಿದ ಘಟನೆಗಳಿಗೂ ಇದೇ ಪದ್ಧತಿಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ವಿಸ್ತರಿಸಿದರೆ, ನಮ್ಮ ಕಿರಿಯ ಶುಶ್ರೂಷಕಿ ತನ್ನ ಅಕ್ಕನ ಮೇಲೆ ದೂರು ಕೊಡಬೇಕಾದ ಪ್ರಸಂಗವೇ ಅರ್ಧಕ್ಕರ್ಧ ಇಲ್ಲವಾದೀತು. ಆ ರಾತ್ರಿ ಇಬ್ಬರೇ ಇದ್ದರೆಂಬುದೂ ಅದೇ ಕಾಗದದಲ್ಲಿ ದಾಖಲಾದೀತು, ಹಿರಿಯಾಕೆಗೂ ಅದರಿಂದ ಉಪಕಾರವೇ ಆದೀತು.

ನಮ್ಮ ಸರಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಅವುಗಳಲ್ಲಿ ಶಾಸಕರೂ ಅಧಿಕಾರಿಗಳೂ ಊರಿನ ನಾಲ್ಕು ಜನವೂ ಕೂಡುತ್ತಾರೆ, ಶೌಚಾಲಯದ ದುರಸ್ತಿ, ಜನರೇಟರಿನ ಡೀಸೆಲ್ಲು ಚರ್ಚೆಗೆ ಬರುತ್ತವೆ. ಈ ಲೇಖನವನ್ನು ಓದುವವರಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅಂತಹ ಸದಸ್ಯರಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಕಳೆದ ಮೂರು ತಿಂಗಳಲ್ಲಿ, ತಪ್ಪಾಯಿತು ಅಥವಾ ತಪ್ಪಾಗುವುದರಲ್ಲಿತ್ತು ಎಂದು ನಿಮ್ಮ ದಾದಿಯರು ಬರೆದುಕೊಟ್ಟ ವರದಿಗಳೆಷ್ಟು, ಬರೆದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಒಂದೂ ಬಂದಿಲ್ಲವೆಂಬ ಉತ್ತರ ದೊರೆತರೆ ಅದನ್ನು ಒಳ್ಳೆಯ ಸುದ್ದಿಯೆಂದು ಭಾವಿಸಿ ಚಹಾ ಕುಡಿದು ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ.